ತಾತ ಹೇಳಿದ ಮಾತು

ಸಂಜಯನಗರದ ಬಸ್ ಸ್ಟಾಪಿನಲ್ಲಿ ಗಂಗರತ್ನಮ್ಮನ ಪಕ್ಕ ಇಬ್ಬರು ಹೈಸ್ಕೂಲ್ ಟೀಚರುಗಳು ನಿಂತಿದ್ದರು. ನಾಟಕ ಕಲಿಸುವಾಕೆ ಗೆಳತಿಗೆ ಹೇಳುತ್ತಿದ್ದುದು ಅವಳಿಗೆ ಕೇಳುತ್ತಿತ್ತು.

“ಊರ ಕೆರೆ ಬಗ್ಗೆ ಮನೇಲಿ ಕೇಳಿ ನಾಟಕಕ್ಕೆ ಡೈಲಾಗ್ ಬರೀರಿ ಅಂತ ಮಕ್ಕಳಿಗೆ ಅಂದಿದ್ದೆ ಕಣ್ರೀ.”

“ಒಳ್ಳೇದೇ ಅಲ್ವಾ?”

“ಒಬ್ಳು ಬರ್ದಿದಾಳೆ, ‘ಕೆರೆಗೆ ಮಣ್ಣು ಹೊಡ್ಸಿ ಸೈಟ್ ಮಾಡಿದ್ದು ನಮ್ಮ ತಾತ’ ಅಂತ.”

“ತಾತ ಯಾರು?”

“ನಾಳೆ ನಾಟಕಕ್ಕೆ ಅವ್ರೇ ಚೀಫ್ ಗೆಸ್ಟ್. ಸ್ಕೂಲೂ ಅವ್ರದೇ.”

“ಆ ಮಾತು ತೆಗ್ಸಿಬಿಡಿ.”

“ಬೇಡಮ್ಮಾ ಅಂದೆ. ‘ಯಾಕ್ ಮಿಸ್, ತಾತಾನೇ ಹೇಳ್ಕೊಟ್ಟಿದ್ದು’ ಅಂತಾಳೆ.”

“ಪಾರ್ಟೇ ಕೊಡ್ಬೇಡಿ.”

“ಯಾರಾದ್ರೂ ಮರೆತ್ರೆ ಪಕ್ಕದೋರು ಹೇಳ್ಲಿ ಅಂತ ಮೂವತ್ತು ಮಕ್ಕಳಿಗೂ ಎಲ್ಲಾ ಮಾತು ಬಾಯಿಪಾಠ ಮಾಡ್ಸಿದೀನಿ. ಅವಳು ಬಿಟ್ರೆ ಇನ್ನೊಬ್ರು ಹೇಳ್ತಾರೆ.”

ಹೆಬ್ಬಾಳದ ಬಸ್ ಬಂತು. ಗೆಳತಿ ನಾಟಕದ ಟೀಚರ್ ತೋಳು ಹಿಡಿದು ಹತ್ತಿಸಿದಳು.