ಮಿಕ್ಸಿ ಮಹಾರಾಜನ ಭಾನುವಾರ

ಇವತ್ತಿನ ಪ್ರವಚನದಲ್ಲಿ ಒಬ್ಬ ಶ್ರೀಮಂತನ ಕಥೆ ಹೇಳ್ತೀನಿ. ಶ್ರೀಮಂತ ಅಂದ ಕೂಡಲೇ ಬಂಗಲೆ, ಕಾರು ಅಂದ್ಕೋಬೇಡಿ. ಒಂದೂರಿನ ಬಸ್ ಸ್ಟ್ಯಾಂಡ್ ಪಕ್ಕ ಎಂಟಡಿ ಅಗಲದ ಅಂಗಡಿ, ಅದರಲ್ಲಿ ಕೂತು ಮಿಕ್ಸಿ ರಿಪೇರಿ ಮಾಡೋನು ಅವನು. ಹಾಗಾದ್ರೆ ಶ್ರೀಮಂತಿಕೆ ಎಲ್ಲಿತ್ತು? ಮೊಬೈಲ್ ಒಳಗೆ! ಅಲ್ಲಿ ಅವನಿಗೊಂದು ಕೋಟೆ, ಸಾವಿರಾರು ಸೈನಿಕರು, ಗೋದಾಮಿನ ತುಂಬ ಕಲ್ಲು ಮರ. ಹೆಸರು ಬೇರೆ ಮಿಕ್ಸಿ ಮಹಾರಾಜ. ನಗಬೇಡಿ, ನಿಮ್ಮಲ್ಲೂ ಎಷ್ಟು ಜನ ಮಹಾರಾಜರು ಕೂತಿದ್ದೀರಿ ಅಂತ ನನಗೆ ಗೊತ್ತು.

ಆ ಆಟದ ವಿಷಯ ನನಗೂ ಪೂರ್ತಿ ಅರ್ಥ ಆಗಿಲ್ಲ. ಅವನೇ ಬಂದು ಕೂತು ಹೇಳಿದ್ದನ್ನ ಹೇಳ್ತೀನಿ. ಒಂದು ಗೋಡೆ ಎಬ್ಬಿಸೋಕೆ ಎರಡು ದಿನ ಕಾಯಬೇಕಂತೆ. ಸ್ಪೀಡಪ್ ಅಂತ ಒಂದು ಸಿಗುತ್ತಂತೆ, ಅದನ್ನ ಒತ್ತಿದರೆ ಕಾಯೋದು ತಪ್ಪುತ್ತಂತೆ. ಆದರೆ ಜಾಣರು ಅದನ್ನ ಸುಮ್ಮನೆ ಒತ್ತೋದಿಲ್ಲ. ಆಗಾಗ ಇವೆಂಟ್ ಅಂತ ಮೂರು ದಿನದ ಸ್ಪರ್ಧೆ ಬರುತ್ತೆ. ಆ ಮೂರು ದಿನದಲ್ಲಿ ಖರ್ಚು ಮಾಡಿದ್ದಕ್ಕೆಲ್ಲ ಪಾಯಿಂಟು, ಪಾಯಿಂಟಿಗೆ ಬಹುಮಾನ. ಅದೇ ಸ್ಪೀಡಪ್ ಹಿಂದಿನ ದಿನ ಒತ್ತಿದರೆ ಏನೂ ಇಲ್ಲ. ಹಾಗಾಗಿ ಕೂಡಿಡಬೇಕು, ಕಾಯಬೇಕು. ನಮ್ಮ ಮಹಾರಾಜ ನಾಲ್ಕು ತಿಂಗಳು ಕೂಡಿಟ್ಟ. ಮುಟ್ಟಲಿಲ್ಲ, ನೋಡಿ, ಒಂದನ್ನೂ ಮುಟ್ಟಲಿಲ್ಲ.

ಇಷ್ಟಕ್ಕೇ ನಿಂತಿದ್ರೆ ನಾನು ಈ ಕಥೆ ಹೇಳ್ತಾನೇ ಇರಲಿಲ್ಲ. ಅವನು ಇನ್ನೊಂದನ್ನೂ ಕೂಡಿಟ್ಟಿದ್ದ. ಒಂದು ಮಾತು.

ಅವನಿಗೊಬ್ಬ ತಮ್ಮ. ಮೂರು ವರ್ಷದ ಹಿಂದೆ ತಮ್ಮ ಮನೆ ಕಟ್ಟಿಸಿದ. ನಕ್ಷೆ ತಾನೇ ಬರೆದ, ಆಸೆಯಿಂದ ದೊಡ್ಡ ದೊಡ್ಡ ಕಿಟಕಿ ಇಡಿಸಿದ. ಗೃಹಪ್ರವೇಶದ ದಿನ ಪಂಕ್ತಿಯಲ್ಲಿ ಕೂತು ಅಣ್ಣ, ಬೀಗರ ಎದುರಿಗೆ, "ಇದೇನು ಮನೇನೋ, ಬಸ್ಸೋ? ಕಿಟಕಿ ಇಟ್ಟೋನಿಗೆ ಬುದ್ಧಿ ಇಲ್ಲ" ಅಂದುಬಿಟ್ಟ. ಎಲ್ಲರೂ ನಕ್ಕರು. ತಮ್ಮ ನಗಲಿಲ್ಲ. ಅಲ್ಲಿಂದ ಮಾತು ಬಂದ್. ತಪ್ಪು ಯಾರದು? ಅಣ್ಣಂದೇ. ಗೊತ್ತಿರಲಿಲ್ವಾ ಅವನಿಗೆ? ಚೆನ್ನಾಗಿ ಗೊತ್ತಿತ್ತು. "ತಪ್ಪಾಯ್ತು ಕಣೋ" ಅನ್ನಬೇಕು ಅಂತ ಮೂರು ವರ್ಷದಿಂದ ಬಾಯಲ್ಲೇ ಇಟ್ಕೊಂಡಿದ್ದ. ಯುಗಾದಿಗೆ ಹೇಳೋಣ ಅಂದ. ಯುಗಾದಿ ಹೋಯ್ತು. ಗೌರಿ ಹಬ್ಬಕ್ಕೆ ಅಂದ. ಅದೂ ಹೋಯ್ತು. ದೀಪಾವಳಿ ಬಂತು, ಅಂಗಡಿ ತುಂಬ ಮಿಕ್ಸಿ ಇತ್ತು ಅಂದ. ಸುಮ್ಮನೆ ಒಂದು ಮಂಗಳವಾರ ಹೋಗಿ ಹೇಳಿದ್ರೆ ಮಾತು ಅಗ್ಗ ಆಗಿಬಿಡುತ್ತೆ ಅಂತ ಅವನ ಲೆಕ್ಕ.

ತಮಾಷೆ ನೋಡಿ, ಆ ತಮ್ಮನೂ ಅದೇ ಆಟದಲ್ಲಿ, ಅದೇ ಟೀಮಿನಲ್ಲಿ ಇದ್ದ! ತನ್ನ ಕೋಟೆಗೆ ಇಟ್ಟ ಹೆಸರು ಕಿಟಕಿ ಕೋಟೆ. ಮಿಕ್ಸಿ ಮಹಾರಾಜ ಯಾರು ಅಂತ ತಮ್ಮನಿಗೆ ಗೊತ್ತು, ಕಿಟಕಿ ಕೋಟೆ ಯಾರದು ಅಂತ ಅಣ್ಣನಿಗೆ ಗೊತ್ತು. ಇಬ್ಬರೂ ತುಟಿ ಬಿಚ್ಚಲಿಲ್ಲ. ಆದರೆ ಒಂದಿತ್ತು. ಟೀಮಿನವರ ಕೆಲಸಕ್ಕೆ ಸಹಾಯ ಮಾಡೋಕೆ ಒಂದು ಗುಂಡಿ ಇರುತ್ತಂತೆ, ಒತ್ತಿದರೆ ಅವರ ಕೆಲಸದಲ್ಲಿ ಒಂದು ನಿಮಿಷ ಕಮ್ಮಿ ಆಗುತ್ತೆ. ಅಣ್ಣ ದಿನಾ ಬೆಳಗ್ಗೆ ಮೊಬೈಲ್ ತೆಗೆದರೆ, "ಕಿಟಕಿ ಕೋಟೆ ನಿಮಗೆ ಸಹಾಯ ಮಾಡಿದೆ" ಅಂತ ಇರ್ತಿತ್ತು. ದಿನಾ! ಒಂದು ದಿನ ತಪ್ಪಲಿಲ್ಲ. ಅದನ್ನ ನೋಡಿದಾಗ ಏನನ್ನಿಸ್ತಿತ್ತಪ್ಪಾ ಅಂತ ಕೇಳಿದೆ. "ಸಂಕಟ ಆಗ್ತಿತ್ತು ಗುರುಗಳೇ. ಆದ್ರೆ ಏನು ಮಾಡಬೇಕು ಅಂತ ತಿಳೀತಿರಲಿಲ್ಲ" ಅಂದ.

ಕೊನೆಗೆ ಆ ಇವೆಂಟ್ ಬಂತು. ಗುರುವಾರ, ಶುಕ್ರವಾರ, ಶನಿವಾರ. ಟೀಮ್ ಇಷ್ಟು ಪಾಯಿಂಟ್ ಮುಟ್ಟಿದರೆ ಪ್ರತಿಯೊಬ್ಬರಿಗೂ ಒಂದು ಹೆಬ್ಬಾಗಿಲು ಬಹುಮಾನ. ತಮ್ಮನ ಬಡಪಾಯಿ ಕೋಟೆಗೆ ಅದು ಬೇಕೇಬೇಕಿತ್ತು, ಬಂದೋರೆಲ್ಲ ನುಗ್ಗಿ ಸುಲಿಗೆ ಮಾಡ್ತಿದ್ರು. ಅಣ್ಣ ಮನಸ್ಸಲ್ಲೇ ತೀರ್ಮಾನ ಮಾಡಿದ. ನನ್ನ ನಾಲ್ಕು ತಿಂಗಳ ಗಂಟನ್ನ ಸುರೀತೀನಿ, ಟೀಮ್ ಗೆಲ್ಲುತ್ತೆ, ತಮ್ಮನಿಗೆ ಹೆಬ್ಬಾಗಿಲು ಬರುತ್ತೆ, ಆ ಸಂತೋಷದಲ್ಲಿ ಎಲ್ಲರ ಎದುರಿಗೇ "ತಪ್ಪಾಯ್ತು ಕಣೋ" ಅಂತ ಬರೀತೀನಿ. ಬೀಗರ ಎದುರಿಗೆ ಅಂದಿದ್ದನ್ನ ಟೀಮಿನ ಎದುರಿಗೆ ವಾಪಸ್ ತಗೋತೀನಿ. ಒಳ್ಳೇ ಯೋಚನೆ ತಾನೇ? ಒಳ್ಳೇ ಯೋಚನೆಗೇನು ಬರ!

ಶುರುವಾಯ್ತು ಗೊಂದಲ. ಗುರುವಾರ ಗೋಡೆ ಕಟ್ಟಿದರೆ ಪಾಯಿಂಟು, ಶುಕ್ರವಾರ ಸೈನಿಕರನ್ನ ತಯಾರು ಮಾಡಿದರೆ, ಶನಿವಾರ ಏನು ಮಾಡಿದರೂ. ಟೀಮಿನ ಹಳಬನೊಬ್ಬ, "ಮೊದಲನೇ ದಿನವೇ ಹಾಕಿ" ಅಂದ. ಇನ್ನೊಬ್ಬ, "ಕೊನೇ ಗಳಿಗೇಲಿ ಹಾಕಿ, ಬೇರೆ ಟೀಮಿನವರಿಗೆ ಸುಳಿವು ಸಿಗಲ್ಲ" ಅಂದ. ಟೀಮಿನ ನಾಯಕಿ ಒಬ್ಬರು ಅಂಗನವಾಡಿ ಟೀಚರ್. ಹಗಲು ಮೂವತ್ತು ಮಕ್ಕಳು, ಮಿಕ್ಕ ಹೊತ್ತು ನಲವತ್ತು ಮಹಾರಾಜರು. ಅವರು ಮೊದಲನೇ ದಿನವೇ ಫೋನ್ ಮಾಡಿದ್ರು.

"ಅಣ್ಣಾ, ದಿನಾ ಸ್ವಲ್ಪ ಸ್ವಲ್ಪ ಹಾಕ್ತಾ ಬನ್ನಿ. ಎಲ್ಲಾ ಒಟ್ಟಿಗೆ ಅಂತ ಕೂತ್ಕೋಬೇಡಿ."

"ತಡೀರಿ ಟೀಚರಮ್ಮ. ಭಾನುವಾರ ಅಂಗಡಿ ರಜಾ. ಆರಾಮಾಗಿ ಕೂತು ಹಾಕ್ತೀನಿ ನೋಡಿ!"

ಟೀಚರಮ್ಮನ ಕಡೆ ಮಕ್ಕಳ ಗಲಾಟೆ, ಇವನ ಕಡೆ ಮಿಕ್ಸಿ ಸದ್ದು. ಭಾನುವಾರ ಅಂದಿದ್ದು ಆ ತಾಯಿಗೆ ಕೇಳಿಸಲೇ ಇಲ್ಲ. ಇವನು ಭಾನುವಾರ ಅಂದಿದ್ದು ಯಾಕೆ? ಆಟದಲ್ಲಿ, "ಭಾನುವಾರ ಸೊನ್ನೆ ಗಂಟೆಗೆ ಮುಕ್ತಾಯ" ಅಂತ ಬರೆದಿತ್ತು. ಅದನ್ನ ಓದಿ, ಭಾನುವಾರ ಇಡೀ ದಿನ ನಂದೇ ಅಂದ್ಕೊಂಡ. ಇನ್ನೆಷ್ಟು ಗಂಟೆ ಉಳಿದಿದೆ ಅಂತ ತೋರಿಸೋ ಜಾಗವೂ ಇತ್ತಂತೆ. ಅದನ್ನ ಒತ್ತಲಿಲ್ಲ. ತನ್ನ ಗೋದಾಮು ನೋಡ್ಕೊಂಡು ಖುಷಿಪಡೋದರಲ್ಲೇ ಹೊತ್ತು ಹೋಯ್ತು.

ಭಾನುವಾರ ಸ್ನಾನ ಮಾಡಿದ, ಇಡ್ಲಿ ತಿಂದ, ಒಂಬತ್ತು ಗಂಟೆಗೆ ಮಹಾರಾಜನ ಹಾಗೆ ಕೂತು ಸ್ಪೀಡಪ್ ಒತ್ತಿದ. ಗೋಡೆ ಎದ್ದಿತು. ಇನ್ನಷ್ಟು ಒತ್ತಿದ. ಸೈನಿಕರು ಸಾಲುಗಟ್ಟಿದರು. ಅರ್ಧ ಗಂಟು ಕರಗಿದ ಮೇಲೆ ನೋಡ್ತಾನೆ, ಪಾಯಿಂಟ್ ಸೊನ್ನೆ. ಮೊಬೈಲ್ ಆಫ್ ಮಾಡಿ ಆನ್ ಮಾಡಿದ. ಸೊನ್ನೆ. ಹೆಂಡತಿಯನ್ನ ಕರೆದು, "ಇವತ್ತು ಯಾವ ವಾರ?" ಅಂದ. "ಭಾನುವಾರ ರೀ, ತಲೆ ನೆಟ್ಟಗಿದೆಯಾ?" ಅಂದಳು ಆಕೆ. ಟೀಚರಮ್ಮನಿಗೆ ಫೋನ್ ಮಾಡಿದ.

"ಅಣ್ಣಾ, ಬೆಳಗ್ಗೆ ಐದೂವರೆಗೇ ಮುಗೀತಲ್ಲ! ಸೊನ್ನೆ ಗಂಟೆ ಅಂದ್ರೆ ಭಾನುವಾರ ಹುಟ್ಟೋ ಹೊತ್ತು. ಅದೂ ಹೊರದೇಶದ ಆಟದವರ ಗಡಿಯಾರ, ನಮ್ಮದಲ್ಲ. ಅವರ ಸೊನ್ನೆ ನಮಗೆ ಬೆಳಗಿನ ಐದೂವರೆ."

"ಟೀಮು?"

"ಸ್ವಲ್ಪದರಲ್ಲಿ ತಪ್ಪೋಯ್ತು. ಕಿಟಕಿ ಕೋಟೆಯವರು ತಮ್ಮದನ್ನೆಲ್ಲ ಮೂರು ದಿನವೂ ಹಾಕಿದ್ರು ಪಾಪ. ನೀವು ಕಾಣಿಸಲಿಲ್ಲ ಅಂತ ಮೂರು ಸಲ ಕೇಳಿದ್ರು, ಮಿಕ್ಸಿ ಮಹಾರಾಜರಿಗೆ ಹುಷಾರಿಲ್ವಾ ಅಂತ. ಆರು ಗಂಟೆಗೆ ಟೀಮ್ ಬಿಟ್ಟು ಹೋದ್ರು."

ನೋಡಿ, ಬಹುಮಾನ ಯಾಕೆ ತಪ್ಪಿಸಿದ ಅಂತ ತಮ್ಮ ಕೇಳಲಿಲ್ಲ. ಹುಷಾರಿಲ್ವಾ ಅಂತ ಕೇಳಿದ. ಅಣ್ಣನಿಗೆ ದುಃಖ ಒತ್ತರಿಸಿ ಬಂತು. ಇನ್ನೊಂದು ಇವೆಂಟ್ ಕಾಯಬೇಕಾ? ಅದರಲ್ಲಿ ತಮ್ಮ ಇರಲ್ಲ. ಹಬ್ಬ ಕಾಯಬೇಕಾ? ಹತ್ತಿರದಲ್ಲಿ ಯಾವ ಹಬ್ಬವೂ ಇಲ್ಲ. ಎದ್ದ, ಕೂತ, ಮತ್ತೆ ಎದ್ದ. ಕೊನೆಗೆ ಹವಾಯಿ ಚಪ್ಪಲಿಯಲ್ಲೇ ತಮ್ಮನ ಮನೆಗೆ ಹೋದ. ಎಷ್ಟು ದೂರ? ನಾಲ್ಕು ಬೀದಿ! ಮೂರು ವರ್ಷ ಅವನು ನಡೆಯದೇ ಇದ್ದ ದಾರಿ ನಾಲ್ಕೇ ಬೀದಿ.

ತಮ್ಮ ಬಾಗಿಲು ತೆಗೆದ. ಅಣ್ಣನ ಬಾಯಿಗೆ ಮೊದಲು ಬಂದಿದ್ದು, "ಐದೂವರೆ ಅಂತ ಗೊತ್ತಿರಲಿಲ್ಲ ಕಣೋ."

"ಅಷ್ಟು ಹೇಳೋಕೆ ಬಂದ್ಯಾ?"

"ಅಲ್ಲ... ತಪ್ಪಾಯ್ತು."

"ಯಾವುದಕ್ಕೆ?"

ಅಣ್ಣ ತಬ್ಬಿಬ್ಬಾದ. ಯಾವುದಕ್ಕೆ? ಆಟಕ್ಕಾ, ಆಡಿದ ಮಾತಿಗಾ, ಬರದೇ ಇದ್ದಿದ್ದಕ್ಕಾ? ಒಂದು ತಪ್ಪಿಗೆ ಅಂತ ಕೂಡಿಟ್ಟ ಮಾತು ಈಗ ಇಷ್ಟೆಲ್ಲಕ್ಕೂ ಸಾಲಬೇಕಿತ್ತು. "ಗೊತ್ತಿಲ್ಲ ಕಣೋ. ಎಲ್ಲದಕ್ಕೂ" ಅಂದು ಅತ್ತುಬಿಟ್ಟ. ತಮ್ಮ ಬಾಗಿಲನ್ನ ಪೂರ್ತಿ ತೆರೆದು, "ಒಳಗೆ ಬಾ" ಅಂದ.

ಇಲ್ಲಿಗೆ ಮಂಗಳ ಹಾಡಿಬಿಡೋಣ ಅಂತ ನಿಮಗೆ ಅನ್ನಿಸ್ತಿದೆ. ತಡೀರಿ. ಗೃಹಪ್ರವೇಶದ ದಿನ ತಮ್ಮನ ಮಗಳಿಗೆ ಎರಡು ವರ್ಷ, ಇವನ ಹೆಗಲ ಮೇಲೇ ಕೂತಿದ್ದಳು. ಈಗ ಐದು. ಅಡುಗೆಮನೆಯಿಂದ ಓಡಿ ಬಂದವಳು ಇವನನ್ನ ನೋಡಿ ಅಪ್ಪನ ಹಿಂದೆ ಹೋಗಿ ನಿಂತು ಕೇಳಿದಳು, "ಅಪ್ಪಾ, ಈ ಅಂಕಲ್ ಯಾರು?"

ಕ್ಷಮೆ ಸಿಕ್ಕಿತು. ಕಳೆದುಹೋದ ಮೂರು ವರ್ಷ ವಾಪಸ್ ಸಿಗಲಿಲ್ಲ. ಆ ಬಹುಮಾನದ ಗಡುವು ಮುಗಿದಿತ್ತು, ಅದಕ್ಕೆ ಇನ್ನೊಂದು ಇವೆಂಟ್ ಇಲ್ಲ.

ನಾನು ಇವತ್ತು ಮೊಬೈಲ್ ಆಟ ಕೆಟ್ಟದ್ದು ಅಂತ ಬಯ್ಯೋಣ ಅಂತಲೇ ಶುರು ಮಾಡಿದೆ. ಈಗ ನನಗೇ ಗೊಂದಲ. ಆ ಆಟದಲ್ಲೇ ಅಲ್ವಾ ತಮ್ಮ ದಿನಾ ಅಣ್ಣನಿಗೆ ಸಹಾಯ ಒತ್ತಿದ್ದು? ಹಾಗಾಗಿ ಆಡೋರಿಗೆ ಇಷ್ಟೇ ಹೇಳ್ತೀನಿ. ಆಡಿ, ಆದರೆ ಗಡುವನ್ನ ಮೊದಲು ಓದಿ, ಯಾರ ಗಡಿಯಾರ ಅಂತ ಕೇಳಿ ತಿಳ್ಕೊಳ್ಳಿ. ಮೊದಲನೇ ದಿನದಿಂದಲೇ ಸ್ವಲ್ಪ ಸ್ವಲ್ಪ ಹಾಕಿ.

ಆಡದೇ ಇರೋರು ನಗ್ತಾ ಇದ್ದೀರಲ್ಲ, ನೀವು ಏನು ಕೂಡಿಟ್ಟಿದ್ದೀರಿ? ಸೊಸೆ ಅಡುಗೆ ಚೆನ್ನಾಗಿದೆ ಅನ್ನೋ ಮಾತನ್ನ ಯಾವ ಹಬ್ಬಕ್ಕೆ ಇಟ್ಟಿದ್ದೀರಿ? ಜಗಳ ಆಡಿ ಬಿಟ್ಟ ಗೆಳೆಯನನ್ನ ಮಗಳ ಮದುವೆಗೆ ಕರೆದರಾಯ್ತು ಅಂದ್ಕೊಂಡಿದ್ದೀರಲ್ಲ, ಮದುವೆ ಯಾವಾಗ? ಗಂಡು ಗೊತ್ತಾಗಿದೆಯಾ? ಒಳ್ಳೇ ದಿನ ಬರಲಿ, ಒಳ್ಳೇ ದಿನ ಬರಲಿ ಅಂತೀರಿ. ಒಳ್ಳೇ ದಿನದ ಗಡಿಯಾರ ನಿಮ್ಮ ಕೈಯಲ್ಲಿದೆಯಾ?

ನಾನು ಮಾತು ಆಡ್ತಿದ್ದ ಹಾಗೆ ನಿಮಗೆ ಯಾರದೋ ಒಂದು ಹೆಸರು ನೆನಪಾಯ್ತು. ಆಗಿಲ್ಲ ಅಂತ ಸುಳ್ಳು ಹೇಳಬೇಡಿ. ಫೋನ್ ತೆಗೀರಿ. ಮಾತು ಚೆನ್ನಾಗಿ ಬರದಿದ್ದರೂ ಚಿಂತೆಯಿಲ್ಲ, ತೊದಲಿ. ಎದ್ದು ಆಚೆ ಜಗಲಿಗೆ ಹೋಗಿ ಮಾತಾಡಿ ಬನ್ನಿ. ಪ್ರವಚನ ಕೆಟ್ಟಿತು ಅಂತ ನಾನು ಬೇಜಾರು ಮಾಡ್ಕೊಳ್ಳೋದಿಲ್ಲ, ನೀವು ಬರೋವರೆಗೂ ಇಲ್ಲೇ ಕೂತಿರ್ತೀನಿ.