ಬಲೆ, ಬಲೆ!

ಠಾಣೆ ಸ್ಟೇಷನ್ನಿನ ಕೋಪರಿ ಬದಿಯ ಟಿಕೆಟ್ ಕ್ಯೂ ಸರಿಯುತ್ತಲೇ ಇರಲಿಲ್ಲ. ಕ್ಯೂನಲ್ಲಿದ್ದ ಜಯಲತಾಳ ಮುಂದೆ ಅವಳ ಊರ ಕಡೆಯವರೇ ಆದ ಒಬ್ಬ ಮಾವ, ಅಳಿಯ ನಿಂತಿದ್ದರು; ಅವರ ಮಾತು ಅವಳ ಕಿವಿಗೆ ಬೀಳುತ್ತಿತ್ತು. ಮಾವ ಮುಂಡಪ್ಪನದು ಮಲ್ಪೆಯ ಮೀನಿನ ಬೋಟು. ಅಳಿಯ ಮಯೂರನಿಗೆ ನಡುಸಮುದ್ರದ ತೈಲ ರಿಗ್ಗಿನಲ್ಲಿ ವೈರ್‌ಲೆಸ್ ಕೆಲಸ.

“ನಿನ್ನ ಕಂಪ್ಲೇಂಟಿನಿಂದ ನಮ್ಮ ಲೈಸೆನ್ಸ್ ನಿಂತಿತಲ್ಲ ಮಾರಾಯ!”

“ರಿಗ್ಗಿನ ಹತ್ರ ಯಾರೂ ಬರ್ಲಿಕ್ಕಿಲ್ಲ ಮಾವ, ರೂಲ್ಸ್ ಉಂಟು.”

“ಮೀನು ಇರುವುದೇ ಅದರ ಕಾಲಬುಡದಲ್ಲಿ.”

“ಅಲ್ಲಿ ಸಾಮಾನಿನ ಹಡಗು ರಿವರ್ಸ್ ಬರ್ತಿತ್ತು. ನಿಮ್ಮ ಬಲೆ ಅದರ ನೀರಿನಡಿಯ ಫ್ಯಾನಿಗೆ ಸುತ್ತಿದ್ರೆ ಹಡಗು ರಿಗ್ಗಿಗೇ ಗುದ್ದುತ್ತಿತ್ತು. ಗ್ಯಾಸ್ ಉಂಟು, ಎಲ್ಲರೂ ಭಸ್ಮ.”

“ಮತ್ತೆ ಕರೆದದ್ದು ಯಾಕೆ? ‘ಬಲೆ, ಬಲೆ’ ಅಂತ ವೈರ್‌ಲೆಸ್ಸಿನಲ್ಲಿ ಬೊಬ್ಬೆ ಹೊಡೆದದ್ದು ನೀನಲ್ವಾ? ತುಳುವಿನಲ್ಲಿ ‘ಬಲೆ’ ಅಂದ್ರೆ ‘ಬನ್ನಿ’ ಅಲ್ವಾ, ಕರೆದ್ರೆ ಬಾರದೆ ಇರುವುದಾ?”

“ಅಯ್ಯೋ! ನಿಮ್ಮದು ಅಂತ ಗೊತ್ತಾಗ್ಲಿಲ್ಲ, ಬೋಟಿನ ಮೇಲೆ ಕನ್ನಡ ಅಕ್ಷರ ಮಾತ್ರ ಕಂಡಿತು. ಕನ್ನಡದಲ್ಲಿ ‘ಬಲೆ ಎಳೀರಿ’ ಅಂದದ್ದು!”

“‘ಎಳೀರಿ’ ಕೇಳಲೇ ಇಲ್ಲ. ಬರೀ ಕರಕರ.”

ಕ್ಯೂ ಒಂದು ಹೆಜ್ಜೆ ಸರಿಯಿತು; ಮುಂಡಪ್ಪ ಮುಂದೆ ಹೋಗಿ ಅಳಿಯನತ್ತ ತಿರುಗಿದ.

“ಇದನ್ನು ಇವತ್ತು ಲೈಸೆನ್ಸಿನ ವಿಚಾರಣೆಯಲ್ಲಿ ಹೇಳ್ತೀಯಾ?”

“ಹೇಳ್ತೇನೆ.”

ಟಿಕೆಟ್ ಸಿಕ್ಕಿತು. ಗಾಡಿ ಬಂದ ಸದ್ದು ಕೇಳಿ ಮಯೂರ ಮೆಟ್ಟಿಲಿಗೆ ಓಡಿದ. ಅಲ್ಲಿಂದಲೇ ಕೂಗಿದ: “ಬಲೆ ಮಾವ, ಬಲೆ!”

ಮುಂಡಪ್ಪ ನಿಂತಲ್ಲಿಂದ ಕದಲಲಿಲ್ಲ.

“ಬರುವುದಾ, ಎಳೆಯುವುದಾ? ಸರಿಯಾಗಿ ಹೇಳು!” ಎಂದು ಗದರಿಸಿ, ಆಮೇಲೆ ಓಡಿದ.