ಹಕಾರ ಬಿದ್ರೆ ಚಪ್ಪಾಳೆ

ಅಲ್ಲ ಕಣ್ಲಾ ಶಶಿ, ಬಾಯೇ ಬುಡ್ದಿರೋ ಮಕ್ಳು ಯಾವೂರಲ್ಲಿ ಅವೆ ನಂಗೊಸಿ ತೋರ್ಸು! ಬಂದಾಗಿಂದ ಅದೇ ರಾಗ, ಅದೇ ಆಡು. ಮೇಷ್ಟ್ರ ಕೆಲ್ಸ ಸಿಕ್ಕಿ ಇನ್ನೂ ಮೂರ್ ತಿಂಗ್ಳಾಗಿಲ್ಲ, ದಿನಾ ಚನ್ನಪಟ್ಣದಿಂದ ಬರೋದು, ಬ್ಯಾಗ್ ಬಿಸಾಕೋದು, ಜಗ್ಲಿ ಮೇಲೆ ಬಿದ್ಕಳೋದು, 'ಅಜ್ಜಿ, ಎಲ್ಲಾ ದಡ್ಡ್ ಮುಂಡೇವು, ಏನ್ ಕೇಳುದ್ರೂ ಗೋಡೆ ನೋಡ್ತವೆ, ಒಂದ್ ಪದ ನೆಟ್ಟಗೆ ಅನ್ನಕೆ ಬರಲ್ಲ' ಅನ್ನೋದು. ಬರಲ್ಲ ಅಂತ್ಲೇ ಅಲ್ವೇನ್ಲಾ ಇಸ್ಕೂಲಿಗೆ ಬರೋದು? ಬರೋಂಗಿದ್ರೆ ನಿನ್ ಮಕ ನೋಡಕೆ ಬತ್ತಿದ್ವಾ? ಒಂದೊಂದ್ ಪದಕ್ಕೂ 'ತಪ್ಪು, ತಪ್ಪು, ಕೂತ್ಕೊ' ಅಂತೀಯಂತೆ, ನಿನ್ನೆ ನೀನೇ ಅಂದ್ಯಲ್ಲ. ಆ ಫೋನ್ ಮೊದ್ಲು ಕೆಳಗಿಡು. ನಿಮ್ಮಜ್ಜಿ ಅರ್ಧ ಆಯಸ್ಸು ಮಕ್ಳ ಮುಂದೆ ನಿಂತೋಳು, ಅದಾದ್ರೂ ನಿನ್ ತಲೇಲಿ ಐತೋ ಇಲ್ವೋ?

ನಂಗೇನ್ ಎಲ್ಲಾ ಬತ್ತಿತ್ತು ಅಂದ್ಕಂಡಿದ್ದೀಯಾ? ಕಲ್ಯ ಅನ್ನೋ ಊರೋಳು ನಾನು. ನಮ್ಮವ್ವನ ಬಾಯಲ್ಲಿ, ನಮ್ಮಪ್ಪನ ಬಾಯಲ್ಲಿ, ನಮ್ ಬೀದೀಲಿ, ಯಾರ್ ಬಾಯಲ್ಲೂ ಹಕಾರ ಅನ್ನೋದೇ ಇರ್ಲಿಲ್ಲ. ಹಾಲು ಅನ್ನೋದ ಆಲು ಅನ್ನೋದು, ಹಸ ಅನ್ನೋದ ಅಸ ಅನ್ನೋದು. ಈಗ್ಲೂ ಮನೇಲಿ ಇಂಗೇ ಮಾತಾಡ್ತೀನಿ, ಮನೇಲಿ ಯಾವನ್ ಕೇಳ್ತಾನೆ. ಟ್ರೈನಿಂಗಲ್ಲಿ ಬರ್ಯೋದೆಲ್ಲ ಚೆಂದಾಗಿ ಬರ್ದು ಪಾಸಾಗ್ಬುಟ್ಟೆ, ಬಾಯಿ ಯಾರೂ ನೋಡ್ಲಿಲ್ಲ. ಅಪ್ಪ ತೀರ್ಕಂಡಿತ್ತು. ಅವ್ವ ಇರೋ ಒಸಿ ಒಲ ಮಾಡ್ಕಂಡು ನನ್ ತಮ್ಮಂದಿರ್ನ ಸಾಕ್ತಿತ್ತು, ನನ್ ಕೆಲ್ಸ ಒಂದೇ ಮನೆಗೆ ದಿಕ್ಕು. ಆಕುದ್ರಪ್ಪ ನನ್ನ, ಗುಡೇಮಾರ್ನಳ್ಳಿ... ಅಲ್ಲ, ಗುಡೇಮಾರ್ನಳ್ಳಿ ಅಲ್ಲ, ಅಲ್ಲಿಂದಾನೂ ಒಳಕ್ಕೆ ಒಂದೂರು. ಎಸ್ರು ಬ್ಯಾಡ ಬುಡು, ಅಲ್ಲಿದ್ದ ಎಡ್ ಮೇಷ್ಟ್ರ ಮಕ್ಳು ಮರಿ ಇನ್ನೂ ಅವ್ರೆ. ಬಸ್ಸಿಳ್ದು ಅಷ್ಟ್ ದೂರ ನಡಿ, ಮಳೆ ಬಂದ್ರೆ ಅಳ್ಳ ತುಂಬ್ಕಂಡು ಸೀರೆ ಮಂಡಿಗಂಟ ಎತ್ಕಂಡು ದಾಟು. ರಾಗಿ ಮೂಟೆ ಇಡೋ ಕೋಣೇಲಿ ವಾಸ. ಇಲಿ ಅಂದ್ರೆ ಇಲಿ, ಕಾಲ್ಬೆರಳು ಕಚ್ಚೋವು. ಬೆಳಗ್ಗೆ ಮುದ್ದೆ ಉಪ್ಸಾರು, ರಾತ್ರಿಗೆ ಉಪ್ಸಾರು ಮುದ್ದೆ. ಇರೋ ಸೀರೆ ಎರಡು, ಒಂದು ಮೈಮೇಲೆ, ಒಂದು ತಂತಿ ಮೇಲೆ. ಅದೆಲ್ಲ ತಡ್ಕಬೋದಿತ್ತು ಕಣೋ, ಆ ಎಡ್ ಮೇಷ್ಟ್ರನ್ನ ತಡ್ಕಳೋದಿತ್ತಲ್ಲ, ಅಯ್ಯಪ್ಪಾ ಶಿವನೇ!

ಪಟ್ಣದಲ್ಲಿ ಓದ್ಕಂಡ್ ಬಂದೋರು. ಮಾತು ಅಂದ್ರೆ ಪುಸ್ತಕ ಓದ್ದಂಗೆ. ಒಂದಿನ ನಾನು ಮೂರ್ನೇ ಕ್ಲಾಸಿಗೆ 'ಹಕ್ಕಿ ಹಾರಿತು' ಅಂತ ಪಾಠ ಮಾಡ್ತಿದ್ದೆ, ನನ್ ಬಾಯಲ್ಲಿ ಬಂದಿದ್ದೇನು? 'ಅಕ್ಕಿ ಆರಿತು'. ಬಾಗ್ಲಲ್ಲಿ ನಿಂತಿದ್ರಪ್ಪ ಪುಣ್ಯಾತ್ಮರು. 'ಏನಮ್ಮಾ, ಅಕ್ಕಿ ಆರಿತೇ? ಎಲ್ಲಿ, ಮೊರದಲ್ಲೇ? ಹಾಗಾದರೆ ಅನ್ನ ಮಾಡಲು ಹೋಗಿ, ಪಾಠ ಯಾಕೆ ಮಾಡುತ್ತೀರಿ?' ಮಕ್ಳ ಮುಂದೆ ಕಣ್ಲಾ! ಅಷ್ಟೂ ಮಕ್ಳ ಮುಂದೆ! ಕೆಲ್ಸ ಬೇರೆ ಇನ್ನೂ ಪರ್ಮನೆಂಟ್ ಆಗಿರ್ಲಿಲ್ಲ. ಇನ್ಸ್‌ಪೆಕ್ಟ್ರು ಬಂದು ನನ್ ಪಾಠ ನೋಡಿ ಸರಿ ಅಂದ್ರೆ ಉಂಟು, ಇಲ್ದಿದ್ರೆ ಗಂಟು ಮೂಟೆ ಕಟ್ಕಂಡು ಕಲ್ಯದ ದಾರಿ ಇಡೀಬೇಕು. 'ಇನ್ಸ್‌ಪೆಕ್ಟರ್ ಬರಲಿ, ನಾನೇ ಹೇಳುತ್ತೇನೆ' ಅಂದ್ಬುಟ್ಟು ಓದ್ರು ಅವರು. ಅಲ್ಲ, ಓದ್ರು ಅಂದ್ರೆ ಪುಸ್ತಕ ಓದೋದಲ್ಲ, ಹೋದ್ರು. ನೋಡ್ದಾ ನನ್ ಪಾಡು?

ಮಾರ್ನೇ ದಿನ ಏನಾಯ್ತು ಗೊತ್ತಾ? ಒಂದೇ ಒಂದ್ ಮಗ ಬಾಯ್ ಬುಡ್ಲಿಲ್ಲ. ಓದು ಅಂದ್ರೆ ಗೋಡೆ ನೋಡ್ತವೆ, ನಿನ್ ಮಕ್ಳು ನೋಡ್ತವಲ್ಲ ಅಂಗೇ. ಮೇಡಮ್ಮಿಗೇ ಇಂಗ್ ಉಗುದ್ರೆ ನಮ್ ಗತಿ ಏನು ಅಂತ. ನಂಗೂ ರೇಗೋಯ್ತು. ಕುರ್ಚಿ ಬುಟ್ಟೆ, ಅವರ ಜೊತೆ ಚಾಪೆ ಮೇಲೆ ಕೂತೆ. 'ನೋಡ್ರಪ್ಪಾ, ಹಕಾರ ನಿಮಗೂ ಬರಲ್ಲ, ನಂಗೂ ಬರಲ್ಲ. ಅಂಗೈ ಬಾಯ್ ಮುಂದೆ ಇಡ್ಕಳಿ. ಅನ್ನಿ, ಹಾಲು. ಅಂಗೈಗೆ ಗಾಳಿ ತಾಗುದ್ರೆ ಬಂತು, ತಾಗ್ಲಿಲ್ವಾ, ಬಿತ್ತು. ನಿಮ್ದು ಬಿದ್ರೆ ನಾನು ಚಪ್ಪಾಳೆ ತಟ್ತೀನಿ, ನಂದು ಬಿದ್ರೆ ನೀವು ತಟ್ಟಿ' ಅಂದೆ. ತಗೋ, ಶುರುವಾಯ್ತು! ನಂದೇ ಬೀಳೋದು ಜಾಸ್ತಿ. ಸಣ್ಣಮ್ಮ ಅಂತ ಒಂದ್ ಉಡ್ಗಿ, ಗೊಣ್ಣೆ ಸುರಿಸ್ಕಂಡು ಮುಂದ್ಗಡೇನೇ ಕೂರೋಳು, ಅವಳ್ ಕಿವಿ ಅಂದ್ರೆ ಕಿವಿ. ಎಲ್ಲಾರ್ಗಿಂತ ಮೊದ್ಲು ಪಟ್ ಅಂತ ತಟ್ಟೋಳು. ಎಡ್ ಮೇಷ್ಟ್ರು ಓಡ್ಬಂದ್ರು. 'ಟೀಚರಿಗೆ ಮಕ್ಕಳು ಚಪ್ಪಾಳೆ ತಟ್ಟುವುದೇ? ಇವತ್ತು ಚಪ್ಪಾಳೆ, ನಾಳೆ ಸೀಟಿ ಹೊಡೆಯುತ್ತಾರೆ! ನಿಲ್ಲಿಸಿ!' ನಾನು ಊಂ ಅಂದೆ, ನಿಲ್ಲಿಸ್ಲಿಲ್ಲ. ಮಕ್ಳು ಬಾಯ್ ಬುಡ್ತಾವ್ರೆ, ಎಂಗ್ಲಾ ನಿಲ್ಲಿಸ್ಲಿ?

ಆಮೇಲೊಂದಿನ ಬಂದೇ ಬುಟ್ರಪ್ಪ ಇನ್ಸ್‌ಪೆಕ್ಟ್ರು, ಬುಡುಬುಡು ಬೈಕಲ್ಲಿ. ಇಂದ್ಗಡೆ ಕೂತ್ಕಂಡ್ರು, ಎಡ್ ಮೇಷ್ಟ್ರು ಪಕ್ಕದಲ್ಲಿ ಕೋಲ್ ಇಡ್ಕಂಡ್ ನಿಂತ್ರು. ನಾನು ಪಾಠ ಶುರು ಮಾಡ್ದೆ. 'ಹಸು ಹುಲ್ಲು ತಿಂದು...' ಬಂತು, ಎರಡೂ ಬಂತು. '...ಆಲು ಕೊಡುತ್ತದೆ' ಅಂದ್ಬುಟ್ಟೆ. ಪಟ್! ಸಣ್ಣಮ್ಮ! ಎಡ್ ಮೇಷ್ಟ್ರು ಅವಳ್ ಕಿವಿ ಇಡ್ದು ಎಳ್ದು ನಿಲ್ಸುದ್ರು. 'ಯಾರೇ ನಿನಗೆ ಇದನ್ನು ಹೇಳಿಕೊಟ್ಟದ್ದು? ಕೈ ನೀಡು!' ಆ ಮಗ ಕೈ ನೀಡ್ತು. ನನ್ ಎಸ್ರು ಮಾತ್ರ ಯೋಳ್ಲಿಲ್ಲ ಕಣ್ಲಾ. ಕಣ್ಣಲ್ಲಿ ನೀರು, ಮೂಗಲ್ಲಿ ನೀರು, ನನ್ ಮಕಾನೇ ನೋಡ್ತೈತೆ. ನಂಗೆ ಅವ್ವ ಕಣ್ಮುಂದೆ ಬಂತು, ತಮ್ಮಂದಿರು ಬಂದ್ರು. ಸುಮ್ಕಿದ್ರೆ ಒಂದ್ ಏಟಲ್ಲಿ ಮುಗೀತದೆ, ಕೆಲ್ಸ ಉಳೀತದೆ. ಆದ್ರೆ ಅವತ್ತಿಂದ ಆ ಮಗ ಬಾಯ್ ಬುಡ್ತದಾ ಯೋಳು? ನಂಗೇ ಗೊತ್ತಾಗ್ದಂಗೆ ಬಾಯಿಗೆ ಬಂದ್ಬುಡ್ತು: 'ಒಡೀಬ್ಯಾಡಿ ಸಾ! ನಾನೇ ಯೋಳ್ಕೊಟ್ಟಿದ್ದು!'

ಪಟ್! ಏಟಿಗೆ ನೀಡಿದ್ ಕೈನ ಇಂದಕ್ಕೆ ತಗಂಡು, ಅಳ್ತಾ ಅಳ್ತಾನೇ ಚಪ್ಪಾಳೆ ತಟ್ಬುಡ್ತು ಕಣ್ಲಾ ಮುಂಡೇದು! ನನ್ ಕೆಲ್ಸ ಓಗ್ತೈತೆ, ಅದ್ರ ಬೆನ್ ಸುಲೀತೈತೆ, ಅದಕ್ಕೆ ಹಕಾರ ಬಿದ್ದಿದ್ದೇ ದೊಡ್ದು! ಅಣೆ ಅಣೆ ಚಚ್ಕಬೇಕು ಅನ್ನಿಸ್ತು. ಇನ್ಸ್‌ಪೆಕ್ಟ್ರು ಎದ್ ಬಂದ್ರು. 'ಯಾಕಮ್ಮಾ ತಟ್ದೆ?' 'ಮೇಡಮ್ಮುಂದು ಬಿತ್ತು ಸಾ.' 'ಏನ್ ಬಿತ್ತು?' ಅಂತ ಪಾಪ ನೆಲ ನೋಡುದ್ರು. 'ಹ ಬಿತ್ತು ಸಾ.' ಅವರಿಗೆ ಒಂದೂ ಅರ್ಥ ಆಗ್ಲಿಲ್ಲ. ಆಮೇಲೆ ಒಬ್ಬೊಬ್ರನ್ನೇ ಎಬ್ಬಿಸಿ ಓದ್ಸುದ್ರು. ಅಂಗೈ ಬಾಯ್ ಮುಂದೆ ಇಡ್ಕಂಡು ಒಲೆ ಊದ್ದಂಗೆ ಹ, ಹಾ, ಹಿ ಅಂತ ಒಬ್ರಾದ್ಮೇಲೊಬ್ರು, ನಾನ್ ಸಾ, ನಾನ್ ಸಾ ಅಂತ ಮೇಲ್ ಬಿದ್ಕಂಡ್ ಓದುದ್ರು. ಕೊನೇಗೆ ಎಡ್ ಮೇಷ್ಟ್ರ ಕಡೆ ತಿರುಗಿ, 'ಕೋಲ್ ಕೆಳಗಿಡಿ ಮೇಷ್ಟ್ರೇ. ಓಗ್ಲಿ ಬುಡಿ' ಅಂದ್ರು ಇನ್ಸ್‌ಪೆಕ್ಟ್ರು. ಅವರೂ ನಮ್ ಸೀಮೆಯೋರೇ ಕಣ್ಲಾ! ಪಟ್! ಮತ್ತೆ ಸಣ್ಣಮ್ಮ! ನಗ್ಬ್ಯಾಡ, ನಂಗೆ ಅರ್ಧ ಜೀವ ಓಗಿತ್ತು! ಆ ಯಪ್ಪ ಅವಳನ್ನ ನೋಡುದ್ರು, ನನ್ನ ನೋಡುದ್ರು, ಮೆಲ್ಲಗೆ ಅಂಗೈ ಎತ್ತಿ ಬಾಯ್ ಮುಂದೆ ಇಡ್ಕಂಡು, 'ಹೋಗ್ಲಿ ಬುಡಿ' ಅಂದ್ರು.

ಕೆಲ್ಸ ಉಳೀತು. ಉಳೀತು ಅಂತ ಗೊತ್ತಾಗಕೇ ಎಷ್ಟೋ ದಿನ ಆಯ್ತು. ಎಡ್ ಮೇಷ್ಟ್ರು ಸರಿ ಓದ್ರಾ ಅಂತ ಕೇಳ್ಬ್ಯಾಡ, ನಾಯಿ ಬಾಲ ಯಾವತ್ತಿದ್ರೂ ಡೊಂಕೇ. ನಾನ್ ಅಲ್ಲಿರೋಗಂಟ ಅವರು ನನ್ ಕ್ಲಾಸ್ ಮುಂದೆ ಓಗೋವಾಗ ಕೆಮ್ಕಂಡೇ ಓಗೋರು. ಆದ್ರೆ ಮಕ್ಳು ಓದುದ್ರು ಕಣಪ್ಪ, ಗಂಟ್ಲು ಅರ್ಕಂಡ್ ಓದುದ್ರು. ನಿನ್ ಮಕ್ಳೂ ದಡ್ರಲ್ಲ, ನಿಂಗೆ ಎದ್ರುಕಂಡವ್ರೆ ಅಷ್ಟೇ. ಬಿ.ಎಡ್ಡಲ್ಲಿ ಅದೇನೇನ್ ಕಲಿಸುದ್ರೋ ನಂಗ್ ಗೊತ್ತಿಲ್ಲ, ಆ ಸ್ಮಾರ್ಟ್ ಬೋರ್ಡೋ ಗೀರ್ಡೋ ಅದೂ ಗೊತ್ತಿಲ್ಲ. ಮಗ ಎಡವಿ ಬಿದ್ರೆ ಎತ್ತೋನು ಒಸಿ ಬಗ್ಗಬೇಕು ಕಣ್ಲಾ, ನೆಟ್ಟಗೆ ನಿಂತ್ಕಂಡು 'ಬಿದ್ದೆ ನೀನು, ಬಿದ್ದೆ' ಅಂತ ಕೂಗುದ್ರೆ ಅದು ಎಂಗ್ ಎದ್ದಾತು?